ಸೋಪಿನ ರ‍್ಯಾಪರ್ ಮೇಲೆ ಏನು ಬರೆಯಬಹುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ ಸೋಪು, ಸ್ನಾನದ ಪುಡಿ, ಬಾತ್ ಸಾಲ್ಟ್ ಮಾಡಿ ಮಾರುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಎಲ್ಲರ ತೊಂದರೆಯೂ ಒಂದೇ ಕಡೆ ಬಂದು ನಿಲ್ಲುತ್ತದೆ: ಪ್ಯಾಕೆಟ್ ಮೇಲೆ ಏನು ಬರೆಯಬಹುದು, ಏನು ಬರೆಯಬಾರದು. ನಾನು ಡ್ರಗ್ಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದವಳು. ನೌಕರಿಯಲ್ಲಿದ್ದಾಗ ಇದನ್ನೆಲ್ಲ ಕೂತು ಬಿಡಿಸಿ ಹೇಳುವಷ್ಟು ಪುರುಸೊತ್ತು ಸಿಗುತ್ತಿರಲಿಲ್ಲ. ಈಗ ಸಿಕ್ಕಿದೆ, ಹೇಳುತ್ತೇನೆ.

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ ಸೇರಿ ತೆಂಗಿನೆಣ್ಣೆ, ಬೇವಿನೆಣ್ಣೆ, ಅರಿಶಿನ ಹಾಕಿ ಸೋಪು ಮಾಡುತ್ತೇವೆ. ರ‍್ಯಾಪರ್ ಮೇಲೆ ಹೀಗೆ ಅಚ್ಚು ಹಾಕಿಸಿದ್ದೇವೆ: ‘ಹುಳುಕಡ್ಡಿ, ಕಜ್ಜಿ, ಸೋರಿಯಾಸಿಸ್ ಗುಣವಾಗುತ್ತದೆ. ಮೊಡವೆ ಮಾಯ. ಮೈಬಣ್ಣ ಬೆಳ್ಳಗಾಗುತ್ತದೆ. 100% ಕೆಮಿಕಲ್ ಇಲ್ಲ. ಪಿಎಚ್ 5.5.’ ಮೇಳದಲ್ಲಿ ಅಂಗಡಿ ಹಾಕಿದ್ದಾಗ ಒಬ್ಬ ಅಧಿಕಾರಿ ಬಂದು ಓದಿ, ‘ಇದು ಸೋಪಲ್ಲಮ್ಮ, ಔಷಧ. ಲೈಸೆನ್ಸ್ ತೋರಿಸಿ’ ಅಂದರು. ನಮ್ಮ ಸೋಪಲ್ಲಿ ಒಂದು ಹನಿ ಔಷಧವೂ ಇಲ್ಲ. ಅದು ಔಷಧ ಹೇಗಾಗುತ್ತೆ?
– ಸಂಘದ ಕಾರ್ಯದರ್ಶಿ, ತಿಪಟೂರು

ಉತ್ತರ: ಆ ಅಧಿಕಾರಿ ಹೇಳಿದ್ದು ಸರಿ ಇದೆ ತಾಯಿ. ಬೇಜಾರು ಮಾಡ್ಕೋಬೇಡಿ, ಯಾಕೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಔಷಧಕ್ಕೂ (ಡ್ರಗ್) ಸೌಂದರ್ಯವರ್ಧಕಕ್ಕೂ (ಕಾಸ್ಮೆಟಿಕ್) ಒಂದೇ ಕಾಯ್ದೆ, 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ. ಮೈಗೆ ತಿಕ್ಕಲು, ಹಚ್ಚಲು, ಸುರಿಯಲು, ಚಿಮುಕಿಸಲು ಬಳಸುವ ವಸ್ತು ಮೈ ಶುಚಿ ಮಾಡಲು, ಚೆಂದ ಕಾಣಿಸಲು, ರೂಪ ಬದಲಿಸಲು ಇದ್ದರೆ ಅದು ಕಾಸ್ಮೆಟಿಕ್. ಕಾಯಿಲೆಯನ್ನು ಗುರುತಿಸಲು, ಗುಣಪಡಿಸಲು, ಕಡಿಮೆ ಮಾಡಲು, ಬಾರದಂತೆ ತಡೆಯಲು ಇದ್ದರೆ ಅದು ಡ್ರಗ್, ಹೊರಗಡೆ ಹಚ್ಚುವಂಥದ್ದಾದರೂ ಅಷ್ಟೇ. ಮೊದಲು ಕಾಸ್ಮೆಟಿಕ್ ಅನ್ನೋದರಲ್ಲಿ ಸೋಪು ಸೇರಿರಲಿಲ್ಲ, ‘ಸೋಪು ಬಿಟ್ಟು’ ಅಂತಲೇ ಕಾಯ್ದೆಯಲ್ಲಿ ಬರೆದಿತ್ತು. 1982ರ ತಿದ್ದುಪಡಿಯಲ್ಲಿ ಆ ಮಾತು ತೆಗೆದರು. ಅಲ್ಲಿಂದ ಮೈಸೋಪು ಕೂಡ ಕಾಸ್ಮೆಟಿಕ್ಕೇ.

ಎರಡು ಕಡೆಯೂ ಮುಖ್ಯವಾದದ್ದು ಉದ್ದೇಶ, ಗಮನಿಸಿದಿರಾ? ಯಾತಕ್ಕೆ ಅಂತ ಮಾರುತ್ತಿದ್ದೀರಿ ಅನ್ನೋದನ್ನು ಕಾನೂನು ಕೇಳುತ್ತದೆ. ಅದಕ್ಕೆ ಉತ್ತರ ಸಿಗುವುದು ನಿಮ್ಮ ರ‍್ಯಾಪರಿನಲ್ಲೇ. ಒಂದೇ ಅಚ್ಚಿನಿಂದ ಕತ್ತರಿಸಿದ ಎರಡು ಸೋಪು ತಗೊಳ್ಳಿ. ಒಂದಕ್ಕೆ ‘ತೆಂಗಿನೆಣ್ಣೆ–ಬೇವಿನೆಣ್ಣೆ ಸೋಪು’ ಅಂತ ಚೀಟಿ ಅಂಟಿಸಿ. ಇನ್ನೊಂದಕ್ಕೆ ‘ಹುಳುಕಡ್ಡಿಗೆ ಬೇವಿನ ಸೋಪು’ ಅಂತ ಅಂಟಿಸಿ. ಎಣ್ಣೆ ಅದೇ, ಮಾಡಿದ ಕೈಯೂ ಅದೇ. ಆದರೆ ಮೊದಲನೆಯದು ಕಾಸ್ಮೆಟಿಕ್, ಎರಡನೆಯದು ಲೈಸೆನ್ಸ್ ಇಲ್ಲದೆ ತಯಾರಿಸಿದ ಔಷಧ. ಲೈಸೆನ್ಸ್ ಇಲ್ಲದೆ ಔಷಧ ತಯಾರಿಸಿದರೆ ಕಾಯ್ದೆಯಲ್ಲಿ ಸಾಮಾನ್ಯವಾಗಿ 3ರಿಂದ 5 ವರ್ಷ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ ಇದೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಒಂದು ಸಾಲಿನ ಬೆಲೆ ಎಷ್ಟು ಅಂತ ತಿಳಿದಿರಲಿ.

ಈಗ ನಿಮ್ಮ ರ‍್ಯಾಪರನ್ನು ಒಂದೊಂದೇ ಸಾಲು ನೋಡೋಣ.

‘ಹುಳುಕಡ್ಡಿ, ಕಜ್ಜಿ, ಸೋರಿಯಾಸಿಸ್ ಗುಣವಾಗುತ್ತದೆ.’ ಇದನ್ನು ಪೂರ್ತಿ ತೆಗೆಯಿರಿ. ‘ಗುಣವಾಗಲು ಸಹಾಯಕ’, ‘ಪರಿಹಾರ ಸಿಗಬಹುದು’ ಅಂತ ಮೆತ್ತಗೆ ಮಾಡಿದರೂ ಪ್ರಯೋಜನವಿಲ್ಲ. ಕಾಯಿಲೆ ಕಡಿಮೆ ಮಾಡುವುದೂ ಔಷಧದ ಕೆಲಸವೇ ಅಂತ ಕಾಯ್ದೆ ಹೇಳುತ್ತದೆ. ಕಾನೂನು ಹಾಗಿರಲಿ, ಈ ಸಾಲನ್ನು ಯಾರು ಓದುತ್ತಾರೆ ಅಂತ ಯೋಚಿಸಿ. ಸೋರಿಯಾಸಿಸ್ ಬಂದು ಸಂಬಂಧಿಕರ ಮದುವೆಗೂ ಹೋಗಲಾರದೆ ಮನೆಯಲ್ಲಿ ಕೂತವರು ಓದುತ್ತಾರೆ. ಅವರು ನಂಬಿ ಡಾಕ್ಟರ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನಿಮ್ಮ ಸಂಘದವರಿಗೆ ಅದು ಖಂಡಿತ ಬೇಕಿಲ್ಲ.

‘ಮೊಡವೆ ಮಾಯ.’ ಮೊಡವೆ ವಾಸಿ ಮಾಡುತ್ತೇವೆ ಅಂದರೆ ಚಿಕಿತ್ಸೆ ಆಯಿತು. ‘ಮುಖದ ಎಣ್ಣೆಜಿಡ್ಡು ತೊಳೆಯುತ್ತದೆ’ ಅಂದರೆ ಶುಚಿ ಮಾಡುವ ಮಾತು, ಅದು ಸೋಪಿಗೆ ಸಲ್ಲುತ್ತದೆ. ಎರಡನೆಯದನ್ನು ಬರೆಯಿರಿ.

‘ಮೈಬಣ್ಣ ಬೆಳ್ಳಗಾಗುತ್ತದೆ.’ ಇದರಿಂದ ಸೋಪು ಔಷಧವಾಗಿಬಿಡುವುದಿಲ್ಲ, ರೂಪ ಬದಲಿಸುವುದು ಕಾಸ್ಮೆಟಿಕ್ ವ್ಯಾಖ್ಯೆಯಲ್ಲೇ ಇದೆ. ಆದರೆ ಸುಳ್ಳು. ಮೈಗೆ ಹಚ್ಚಿ ನಿಮಿಷದಲ್ಲಿ ತೊಳೆದು ಹೋಗುವ ಸೋಪು ಹುಟ್ಟಿದ ಬಣ್ಣ ಬದಲಿಸುವುದಿಲ್ಲ. ಬಳಸುವವರ ದಾರಿ ತಪ್ಪಿಸುವ ಮಾತು ಕಾಸ್ಮೆಟಿಕ್ ಮೇಲೂ ಇರಕೂಡದು ಅಂತ 2020ರ ಕಾಸ್ಮೆಟಿಕ್ಸ್ ನಿಯಮಗಳು ಹೇಳುತ್ತವೆ. ಬಣ್ಣ ಕಪ್ಪಗಿದ್ದವರನ್ನು ಕೀಳಾಗಿ ತೋರಿಸಬಾರದು ಅಂತ ಜಾಹೀರಾತು ಉದ್ಯಮದವರೇ 2014ರಲ್ಲಿ ತಮಗೆ ನಿಯಮ ಹಾಕಿಕೊಂಡರು. ನಮ್ಮೂರ ಹೆಣ್ಣುಮಕ್ಕಳು ಈ ಮಾತಿನಿಂದ ಪಟ್ಟ ಸಂಕಟ ಸಾಕು. ಹೆಂಗಸರ ಸಂಘದ ಸೋಪಿನ ಮೇಲಂತೂ ಇದು ಬೇಡವೇ ಬೇಡ.

‘100% ಕೆಮಿಕಲ್ ಇಲ್ಲ.’ ಎಣ್ಣೆ ಸೋಪಾಗಬೇಕಾದರೆ ಕಾಸ್ಟಿಕ್ ಸೋಡಾ ಬೇಕೇ ಬೇಕು. ನೀವೂ ತೂಕ ಮಾಡಿ, ಗ್ಲೌಸ್ ಹಾಕಿಕೊಂಡು ನೀರಿಗೆ ಹಾಕಿದ್ದೀರಿ ಅಲ್ವಾ? ಲೆಕ್ಕ ಸರಿ ಇದ್ದು, ನಾಲ್ಕಾರು ವಾರ ಒಣಗಲು ಬಿಟ್ಟರೆ ಅದು ಸೋಪಿನಲ್ಲಿ ಸೋಡಾ ಆಗಿ ಉಳಿಯುವುದಿಲ್ಲ. ಎಣ್ಣೆ ಜೊತೆ ಸೇರಿ ಸೋಪೂ ಗ್ಲಿಸರಿನ್ನೂ ಆಗಿರುತ್ತದೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ‘ಕೃತಕ ಬಣ್ಣ ಹಾಕಿಲ್ಲ, ಕೃತಕ ಸುವಾಸನೆ ಹಾಕಿಲ್ಲ’ ಅನ್ನೋದು ನಿಜವಾಗಿದ್ದರೆ ಅದನ್ನು ಬರೆಯಿರಿ.

‘ಪಿಎಚ್ 5.5.’ ಪಿಎಚ್ ಅಂದರೆ ಆಮ್ಲ–ಕ್ಷಾರದ ಅಳತೆ. ಇದನ್ನು ಎಲ್ಲೋ ನೋಡಿ ನಕಲು ಮಾಡಿದ್ದೀರಿ ಅಂತ ಕಾಣುತ್ತದೆ. ಎಣ್ಣೆಯಿಂದ ಮಾಡಿದ ನಿಜವಾದ ಸೋಪಿನ ಪಿಎಚ್ 9ರಿಂದ 10ರ ಆಸುಪಾಸು ಇರುತ್ತದೆ. 5.5ಕ್ಕೆ ಇಳಿಸಿದರೆ ಸೋಪು ಒಡೆದು, ನೊರೆ ಸತ್ತು, ಕೊಬ್ಬಿನ ಅಂಶ ಬೇರೆಯಾಗುತ್ತದೆ. ಅಷ್ಟು ಕಡಿಮೆ ಪಿಎಚ್ ಇರುವ ಬಾರ್‌ಗಳು ಸಿಗುತ್ತವೆ, ಅವು ಬೇರೆ ಡಿಟರ್ಜೆಂಟ್ ಪದಾರ್ಥದಿಂದ ಮಾಡಿದವು. ಒಂದು ಪಿಎಚ್ ಪಟ್ಟಿ ತಂದು ನಿಮ್ಮ ಸೋಪಿನ ನೊರೆಗೆ ಅದ್ದಿ ನೋಡಿ, ಬಣ್ಣವೇ ಹೇಳುತ್ತದೆ.

ಹಾಗಾದರೆ ಉಳಿದದ್ದೇನು? ಹೆಸರು, ಎಣ್ಣೆಗಳು, ಪರಿಮಳ, ಎಲ್ಲಿ ಯಾರು ಮಾಡಿದ್ದು, ಎಷ್ಟು ವಾರ ಒಣಗಿಸಿದ್ದು. ‘ಬೇವು’, ‘ಅರಿಶಿನ’ ಅಂತ ಹೆಸರು ಹಾಕಬಹುದು, ಅದು ಸಾಮಗ್ರಿಯ ಹೆಸರು. ತಿಪಟೂರಿನ ಕೊಬ್ಬರಿ ಎಣ್ಣೆಯಿಂದ ಮಾಡಿದ್ದು ಅಂತ ದೊಡ್ಡದಾಗಿ ಬರೆಯಿರಿ. ನಿಮ್ಮ ಊರಿನ ಕೊಬ್ಬರಿ ಇಡೀ ದೇಶಕ್ಕೆ ಗೊತ್ತು, ಅದಕ್ಕಿಂತ ಒಳ್ಳೆ ಜಾಹೀರಾತು ಬೇಕಾ?

ಇನ್ನೊಂದು ಮುಖ್ಯ ವಿಷಯ, ನೀವು ಕೇಳಿಲ್ಲ. ಮಾತುಗಳನ್ನೆಲ್ಲ ತಿದ್ದಿದ ಮೇಲೂ ಕಾಸ್ಮೆಟಿಕ್ ತಯಾರಿಸುವ ಲೈಸೆನ್ಸ್ ಬೇಕು. ಕೈಯಲ್ಲಿ ಮಾಡಿದ್ದು, ಮನೆಯಲ್ಲಿ ಮಾಡಿದ್ದು ಅಂತ ವಿನಾಯಿತಿ ಇಲ್ಲ. ರಾಜ್ಯದ ಲೈಸೆನ್ಸಿಂಗ್ ಪ್ರಾಧಿಕಾರಕ್ಕೆ ಸಿಒಎಸ್-5 ಫಾರಂನಲ್ಲಿ ಅರ್ಜಿ, ಸಿಗುವುದು ಸಿಒಎಸ್-8. ತಯಾರಿಕೆ ನೋಡಿಕೊಳ್ಳಲು ಅರ್ಹತೆ ಇರುವ ಒಬ್ಬರು ಬೇಕು. ಡಿ.ಫಾರ್ಮಾ ಮಾಡಿದವರೇ ಆಗಬೇಕಿಲ್ಲ, ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿ ಪಾಸಾದವರೂ ಆಗಬಹುದು. ನಿಮ್ಮ ಸಂಘದಲ್ಲೇ ಅಂಥ ಹುಡುಗಿ ಇರಬಹುದು, ನೋಡಿ. ಸ್ವಂತ ಜಾಗ ಸಿದ್ಧ ಮಾಡುವುದು ಕಷ್ಟ ಅಂದರೆ ಲೋನ್ ಲೈಸೆನ್ಸ್ ಅಂತ ಇದೆ. ಲೈಸೆನ್ಸ್ ಇರುವ ಬೇರೆಯವರ ಘಟಕದಲ್ಲಿ ನಿಮ್ಮ ಹೆಸರಲ್ಲಿ ಮಾಡಿಸುವುದು. ಅದಕ್ಕೆ ಸಿಒಎಸ್-6ರಲ್ಲಿ ಅರ್ಜಿ. ಬರೀ ಮಾರುವವರಿಗೆ, ಅಂದರೆ ಅಂಗಡಿಯವರಿಗೆ, ಕಾಸ್ಮೆಟಿಕ್ ಲೈಸೆನ್ಸ್ ಬೇಕಿಲ್ಲ.

‘ಟಾಯ್ಲೆಟ್ ಸೋಪ್’ ಅಂತ ಬರೆಯುವ ಮೊದಲೂ ಯೋಚಿಸಿ. ಆ ಹೆಸರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನದಂಡ ಇದೆ: ಕೊಬ್ಬಿನ ಅಂಶ ಒಂದನೇ ಗ್ರೇಡಿಗೆ 76%, ಎರಡಕ್ಕೆ 70%, ಮೂರಕ್ಕೆ 60%. ‘ಬೇದಿಂಗ್ ಬಾರ್’ ಅಂದರೆ ಬೇರೆ ಮಾನದಂಡ, ಅದರಲ್ಲಿ 40% ಸಾಕು. ಹೆಸರು ಬದಲಾದರೆ ಅಳತೆಗೋಲೂ ಬದಲಾಗುತ್ತದೆ. ಲ್ಯಾಬಿನಲ್ಲಿ ಒಂದು ಸಲ ಪರೀಕ್ಷೆ ಮಾಡಿಸಿ, ಆಮೇಲೆ ಹೆಸರು ಅಚ್ಚು ಹಾಕಿಸಿ.

ಪ್ರಶ್ನೆ: ನಮ್ಮ ಅಜ್ಜ ನಾಟಿ ವೈದ್ಯರಾಗಿದ್ದರು. ಅವರ ಕೈಬರಹದಲ್ಲಿರುವ ಎಣ್ಣೆ ಯೋಗ (ಸಾಮಗ್ರಿ ಸೇರಿಸುವ ಕ್ರಮ) ನೋಡಿ ಸೋಪು ಮಾಡುತ್ತಿದ್ದೇನೆ. ‘ಆಯುರ್ವೇದ ಸೋಪು’ ಅಂತ ಹಾಕಿದರೆ ಚರ್ಮರೋಗದ ಬಗ್ಗೆ ಬರೆಯಬಹುದು ಅಂತ ಗೆಳೆಯರು ಹೇಳುತ್ತಾರೆ. ತೆರಿಗೆಯೂ ಕಡಿಮೆಯಂತೆ. ಹೌದೇ?
– ಓದುಗರು, ಶಿರಸಿ

ಉತ್ತರ: ಗೆಳೆಯರು ಹೇಳಿದ್ದರಲ್ಲಿ ಅರ್ಧ ನಿಜ. ಆಯುರ್ವೇದ ಔಷಧ ಅಂತ ಲೈಸೆನ್ಸ್ ಪಡೆದರೆ ಏನಕ್ಕೆ ಬಳಸಬೇಕು ಅಂತ ಬರೆಯಲು ಅವಕಾಶ ಇದೆ. ಅಂಗಡಿಯಲ್ಲಿ ಸಿಗುವ ಕೆಲವು ಹೆಸರಾಂತ ಗಿಡಮೂಲಿಕೆ ಸೋಪುಗಳು ಹೀಗೆ ಔಷಧದ ಲೈಸೆನ್ಸ್ ಮೇಲೇ ಬರುತ್ತವೆ. ಆದರೆ ‘ಆಯುರ್ವೇದ’ ಅಂತ ಬರೆದರೆ ಲೈಸೆನ್ಸ್ ತಪ್ಪುವುದಿಲ್ಲ, ಬೇರೆ ಬಾಗಿಲಿಗೆ ಹೋಗಬೇಕಾಗುತ್ತದೆ ಅಷ್ಟೇ. ಆಯುಷ್ ಇಲಾಖೆಗೆ 24-ಡಿ ಫಾರಂನಲ್ಲಿ ಅರ್ಜಿ, ಲೈಸೆನ್ಸ್ 25-ಡಿ. ತಯಾರಿಸುವ ಜಾಗ ‘ಶೆಡ್ಯೂಲ್ ಟಿ’, ಅಂದರೆ ಆಯುರ್ವೇದ ಔಷಧ ತಯಾರಿಕೆಯ ಗುಣಮಟ್ಟದ ನಿಯಮ, ಹೇಳಿದಂತೆ ಇರಬೇಕು.

ಅಜ್ಜನ ಪುಸ್ತಕದ ವಿಷಯ. 1940ರ ಅದೇ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ ಆಯುರ್ವೇದದ ಪ್ರಮಾಣ ಗ್ರಂಥಗಳ ಪಟ್ಟಿ ಇದೆ. ಶಾಸ್ತ್ರೀಯ ಔಷಧ ಅನ್ನಿಸಿಕೊಳ್ಳಲು ಯೋಗ ಆ ಗ್ರಂಥಗಳಲ್ಲಿ ಇರಬೇಕು. ಆ ಗ್ರಂಥಗಳು ಹೇಳಿದ ಸಾಮಗ್ರಿಗಳನ್ನೇ ಹೊಸ ರೀತಿಯಲ್ಲಿ ಸೇರಿಸಿದ್ದರೆ ‘ಪೇಟೆಂಟ್ ಅಥವಾ ಪ್ರೊಪ್ರೈಟರಿ’ ಔಷಧವಾಗಿ ಕೇಳಬಹುದು. ಅಜ್ಜನ ಕೈಬರಹ ಆ ಪಟ್ಟಿಯಲ್ಲಿಲ್ಲ. ಹಾಗಂತ ಅದಕ್ಕೆ ಬೆಲೆ ಇಲ್ಲ ಅಂತಲ್ಲ. ಹಾಳಾಗದಂತೆ ಇಡಿ, ಒಬ್ಬ ಆಯುರ್ವೇದ ವೈದ್ಯರ ಜೊತೆ ಕೂತು ಯಾವ ಮೂಲಿಕೆ ಯಾವ ಗ್ರಂಥದಲ್ಲಿದೆ ಅಂತ ಹೊಂದಿಸಿ ನೋಡಿ.

ತೆರಿಗೆಯ ಮಾತು ಹಳೆಯದಾಯಿತು. ಔಷಧಕ್ಕೆ ಕಡಿಮೆ, ಕಾಸ್ಮೆಟಿಕ್‌ಗೆ ಜಾಸ್ತಿ ತೆರಿಗೆ ಇದ್ದ ಕಾಲದಲ್ಲಿ ಕಂಪನಿಗಳು ‘ನಮ್ಮದು ಔಷಧ’ ಅಂತ ಸುಪ್ರೀಂ ಕೋರ್ಟ್ ತನಕ ಹೋಗುತ್ತಿದ್ದವು. ಸೈನಿಕರಿಗೆ ಪೂರೈಸುತ್ತಿದ್ದ ತುಟಿ ಮುಲಾಮು ಔಷಧವಲ್ಲ, ಚರ್ಮದ ಆರೈಕೆಯ ವಸ್ತು ಅಂತ 2003ರಲ್ಲಿ ತೀರ್ಪಾಯಿತು. 2013ರಲ್ಲಿ ಒಂದು ಕ್ರೀಮಿನ ವಿಷಯದಲ್ಲಿ ಕೋರ್ಟು ಅದನ್ನು ಔಷಧ ಅಂದಿತು. ಮುಖ್ಯ ಕೆಲಸ ಆರೈಕೆಯೋ ವಾಸಿ ಮಾಡುವುದೋ ಅಂತ ನೋಡಬೇಕು, ಔಷಧದ ಅಂಶ ಎಷ್ಟು ಶೇಕಡಾ ಇದೆ ಅನ್ನೋದೊಂದೇ ನಿರ್ಣಾಯಕ ಅಲ್ಲ, ಡಾಕ್ಟರ ಚೀಟಿ ಇಲ್ಲದೆ ಸಿಗುತ್ತದೆ ಅಂದ ಮಾತ್ರಕ್ಕೆ ಕಾಸ್ಮೆಟಿಕ್ ಆಗುವುದೂ ಇಲ್ಲ ಅಂತ ಹೇಳಿತು. ಅವು ತೆರಿಗೆಯ ಮೊಕದ್ದಮೆಗಳು, ಲೈಸೆನ್ಸಿನದಲ್ಲ. ಆದರೂ ‘ಆರೈಕೆಯೋ, ವಾಸಿಯೋ’ ಅನ್ನುವ ಆ ಪ್ರಶ್ನೆಯನ್ನು ನಿಮ್ಮ ರ‍್ಯಾಪರಿಗೂ ಕೇಳಿಕೊಳ್ಳಬಹುದು. ಈಗ 2025ರ ಸೆಪ್ಟೆಂಬರ್ 22ರಿಂದ ಮೈಸೋಪಿನ ಬಾರ್‌ಗೂ ಜಿಎಸ್‌ಟಿ 5%, ಆಯುರ್ವೇದ ಔಷಧಕ್ಕೂ 5%. ತೆರಿಗೆ ಉಳಿಸಲು ಔಷಧ ಅನ್ನಿಸಿಕೊಳ್ಳುವ ಅಗತ್ಯವೇ ಇಲ್ಲ.

ಪ್ರಶ್ನೆ: ಮಜ್ಜಿಗೆಹುಲ್ಲಿನ ಎಣ್ಣೆ ಹಾಕಿ ಸೋಪು ಮಾಡುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಸೊಳ್ಳೆ ಕಾಟ ಹೆಚ್ಚು. ‘ಸೊಳ್ಳೆ ಹತ್ತಿರ ಸುಳಿಯುವುದಿಲ್ಲ’ ಅಂತ ಬರೆದರೆ ತಪ್ಪಿಲ್ಲ ತಾನೆ? ಸೊಳ್ಳೆ ಅಂದರೆ ಕಾಯಿಲೆಯಲ್ಲವಲ್ಲ.
– ಗೃಹಿಣಿ, ಕುಂದಾಪುರ

ಉತ್ತರ: ತುಂಬಾ ಜನ ಇಲ್ಲೇ ಎಡವುತ್ತಾರೆ. ಔಷಧದ ವ್ಯಾಖ್ಯೆಯಲ್ಲೇ ‘ಸೊಳ್ಳೆಯಂಥ ಕೀಟಗಳನ್ನು ದೂರವಿಡಲು ಮೈಗೆ ಹಚ್ಚುವ ತಯಾರಿಕೆಗಳು’ ಅಂತ ಸೇರಿಸಿದ್ದಾರೆ. ಹಾಗಾಗಿ ಆ ಸಾಲು ಬರೆದರೆ ನಿಮ್ಮ ಸೋಪು ಔಷಧ. ಡೆಂಗಿ ಇರುವ ಊರಿನಲ್ಲಿ ತೊಳೆದು ಹೋಗುವ ಸೋಪನ್ನು ನಂಬಿ ಮಕ್ಕಳನ್ನು ಪರದೆ ಇಲ್ಲದೆ ಮಲಗಿಸಿದರೆ ಏನಾಗಬಹುದು ಹೇಳಿ. ‘ಮಜ್ಜಿಗೆಹುಲ್ಲಿನ ಪರಿಮಳದ ಸೋಪು’ ಅಂತ ಬರೆಯಿರಿ, ಸಾಕು.

ಪ್ರಶ್ನೆ: ನಾನು ಬಾತ್ ಸಾಲ್ಟ್ ಮಾರುತ್ತೇನೆ, ಎಪ್ಸಮ್ ಉಪ್ಪು ಮತ್ತು ಲಾವಂಚ. ಬಾಟಲಿ ಮೇಲೆ ಹೆಸರು ಬಿಟ್ಟು ಏನೂ ಬರೆದಿಲ್ಲ. ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಮಾತ್ರ ‘ಸಂಧಿವಾತಕ್ಕೆ ರಾಮಬಾಣ’ ಅಂತ ಹೇಳುತ್ತೇನೆ. ಅದೂ ನನ್ನ ಮಾತಲ್ಲ, ಗಿರಾಕಿಯೊಬ್ಬರು ಕಳಿಸಿದ ವಾಯ್ಸ್ ಮೆಸೇಜ್ ಹಾಕಿದ್ದೇನೆ. ಇದರಿಂದ ತೊಂದರೆ ಇದೆಯಾ?
– ಯುವ ಉದ್ಯಮಿ, ಬೆಂಗಳೂರು

ಉತ್ತರ: ಇದೆ. ಎರಡು ಕಡೆಯಿಂದ ಇದೆ.

ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅಂತ 1954ರದ್ದು ಒಂದಿದೆ. ಅದರಲ್ಲಿ 54 ಕಾಯಿಲೆ ಮತ್ತು ಸ್ಥಿತಿಗಳ ಪಟ್ಟಿ ಇದೆ. ಅವನ್ನು ಗುಣಪಡಿಸುತ್ತೇವೆ ಅಂತ ಜನರಿಗೆ ಜಾಹೀರಾತು ಮಾಡುವಂತಿಲ್ಲ, ಲೈಸೆನ್ಸ್ ಇದ್ದರೂ ಇಲ್ಲ. ಸಂಧಿವಾತದ ನೋವು ಆ ಪಟ್ಟಿಯಲ್ಲಿದೆ, ಚರ್ಮದ ಕಡೆಯಿಂದ ತೊನ್ನೂ ಇದೆ. ಜಾಹೀರಾತು ಅಂದರೆ ಏನು ಅಂತಲೂ ಅದೇ ಕಾಯ್ದೆ ಹೇಳುತ್ತದೆ: ಚೀಟಿ, ಲೇಬಲ್, ರ‍್ಯಾಪರ್, ಬಾಯಿಮಾತಿನ ಪ್ರಚಾರ, ಬೆಳಕು, ಶಬ್ದ ಅಥವಾ ಹೊಗೆಯ ಮೂಲಕ ಮಾಡಿದ ಪ್ರಚಾರ. 1954ರಲ್ಲಿ ಮೊಬೈಲ್ ಇರಲಿಲ್ಲ, ಆದರೆ ಬೆಳಕು ಮತ್ತು ಶಬ್ದ ಅಂತ ಬರೆದಿಟ್ಟಿದ್ದರು. ನಿಮ್ಮ ರೀಲ್ ಇವೆರಡೇ ಅಲ್ವಾ?

ಗಿರಾಕಿಯ ಮಾತು ನಿಮ್ಮ ಪುಟದಲ್ಲಿ ನಿಮ್ಮ ಸರಕು ಮಾರಲು ನಿಂತರೆ ಅದು ನಿಮ್ಮದೇ ಮಾತು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಕೇಂದ್ರ ಪ್ರಾಧಿಕಾರ 10 ಲಕ್ಷ ರೂಪಾಯಿ ತನಕ ದಂಡ ಹಾಕಬಹುದು, ತಯಾರಿಸಿದವರಿಗೂ ಹಾಕಬಹುದು, ಪ್ರಚಾರಕ್ಕೆ ಮುಖ ಕೊಟ್ಟವರಿಗೂ ಹಾಕಬಹುದು. ಆ ರೀಲ್ ಇವತ್ತೇ ತೆಗೆದುಬಿಡಿ. ‘ಬಿಸಿನೀರಿಗೆ ಹಾಕಿ ಕಾಲು ನೆನೆಸಿ, ಲಾವಂಚದ ಪರಿಮಳ ಹಿತವಾಗಿರುತ್ತದೆ’ ಅನ್ನಿ. ಲಾವಂಚದ ವಾಸನೆ ಗೊತ್ತಿದ್ದವರಿಗೆ ಅಷ್ಟೇ ಸಾಕು. ಮತ್ತೆ, ಬಾಟಲಿ ಮೇಲೆ ಏನೂ ಬರೆಯದೆ ಇರುವುದೂ ಸರಿಯಲ್ಲ. ಸಾಮಗ್ರಿ, ತೂಕ, ಎಂಆರ್‌ಪಿ, ಬ್ಯಾಚ್, ತಯಾರಿಸಿದ ತಿಂಗಳು, ಯಾವಾಗಿನೊಳಗೆ ಬಳಸಬೇಕು, ನಿಮ್ಮ ವಿಳಾಸ, ಲೈಸೆನ್ಸ್ ನಂಬರ್, ಇವೆಲ್ಲ ಇರಲೇಬೇಕು.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಕನ್ನಡ ಕೂಟದ ಹಬ್ಬಗಳಲ್ಲಿ ನನ್ನ ಸೋಪು ಇಡಬೇಕು ಅಂತ ಆಸೆ. ಇಲ್ಲಿಯೂ ಇದೇ ನಿಯಮವೇ?
– ಓದುಗರು, ಎಡಿಸನ್

ಉತ್ತರ: ಯೋಚನೆ ಅದೇ, ಆದರೆ ಅಲ್ಲಿ ವರ್ಗಗಳು ಮೂರು: ಬರೀ ಸೋಪು, ಕಾಸ್ಮೆಟಿಕ್, ಡ್ರಗ್. ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ನಿಜವಾದ ಸೋಪಾಗಿದ್ದು, ಅದನ್ನು ಬರೀ ಸೋಪು ಅಂತ ಮಾರಿದರೆ ಅಲ್ಲಿ ಅದು ಕಾಸ್ಮೆಟಿಕ್ ಕೂಡ ಅಲ್ಲ. ಎಫ್‌ಡಿಎ (ಅಲ್ಲಿನ ಆಹಾರ ಮತ್ತು ಔಷಧ ಆಡಳಿತ) ಬಿಟ್ಟು ಗ್ರಾಹಕ ವಸ್ತುಗಳ ಸುರಕ್ಷತಾ ಆಯೋಗದ ಕೆಳಗೆ ಬರುತ್ತದೆ. ‘ಚರ್ಮ ಮೆತ್ತಗಾಗುತ್ತದೆ’ ಅಂತ ಒಂದು ಮಾತು ಸೇರಿಸಿದರೆ ಕಾಸ್ಮೆಟಿಕ್. ‘ಎಕ್ಸಿಮಾ ಕಡಿಮೆಯಾಗುತ್ತದೆ’, ‘ರೋಗಾಣು ಸಾಯುತ್ತದೆ’ ಅಂದರೆ ಡ್ರಗ್. ಬರೀ ಸೋಪಿಗೂ ಕಾಸ್ಮೆಟಿಕ್‌ಗೂ ಮಾರುವ ಮುಂಚೆ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಶುರು ಮಾಡುವವರು ‘ಸೋಪು’ ಅನ್ನುವುದರಲ್ಲೇ ನಿಲ್ಲುವುದು ಒಳ್ಳೆಯದು ಅಂತ ನನ್ನ ಸಲಹೆ.

ಪ್ರಶ್ನೆ: ನಾನು ಮಾರುವವಳಲ್ಲ, ಕೊಳ್ಳುವವಳು. ನನ್ನ ಮಗನಿಗೆ ತೊಡೆ ಸಂದಿಯಲ್ಲಿ ಹುಳುಕಡ್ಡಿ ಆಗಿದೆ. ಸಂತೆಯಲ್ಲಿ ಒಬ್ಬರು ಕೊಟ್ಟ ಬೇವಿನ ಸೋಪು ಹಚ್ಚುತ್ತಾ ಬಂದಿದ್ದೇವೆ, ಹರಡುತ್ತಲೇ ಇದೆ. ಇನ್ನೂ ಜಾಸ್ತಿ ದಿನ ನೋಡಬೇಕಾ? ಒಳ್ಳೆ ಸೋಪು ಯಾವುದು ಅಂತ ಗುರುತಿಸುವುದು ಹೇಗೆ?
– ತಾಯಿ, ಹುಬ್ಬಳ್ಳಿ

ಉತ್ತರ: ಇನ್ನು ಒಂದು ದಿನವೂ ಕಾಯಬೇಡಿ ಅಮ್ಮ. ಹುಳುಕಡ್ಡಿ ಅನ್ನೋದು ಫಂಗಸ್. ಅದಕ್ಕೆ ಸರಿಯಾದ ಔಷಧವನ್ನು ಡಾಕ್ಟರು ಹೇಳಿದಷ್ಟು ದಿನ ಬಿಡದೆ ಹಚ್ಚಬೇಕು, ಕೆಲವೊಮ್ಮೆ ಮಾತ್ರೆಯೂ ಬೇಕಾಗುತ್ತದೆ. ಚರ್ಮರೋಗ ತಜ್ಞರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಟ್ಯೂಬ್ ತರಬೇಡಿ. ಸ್ಟಿರಾಯ್ಡ್ ಬೆರೆತ ಕ್ರೀಮು ಹಚ್ಚಿದರೆ ಎರಡು ದಿನ ತುರಿಕೆ ನಿಂತು ಆಮೇಲೆ ದುಪ್ಪಟ್ಟಾಗುತ್ತದೆ. ನಮ್ಮ ದೇಶದಲ್ಲಿ ಹುಳುಕಡ್ಡಿ ಇಷ್ಟು ಹಠಮಾರಿ ಆಗಿರುವುದಕ್ಕೆ ಅದೂ ಒಂದು ಕಾರಣ. ಮಗನ ಟವೆಲ್, ಒಳಬಟ್ಟೆ ಬೇರೆ ಇಟ್ಟು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದ್ದರೆ ಅವರನ್ನೂ ಒಟ್ಟಿಗೆ ತೋರಿಸಿ.

ಸೋಪು ಕೊಳ್ಳುವಾಗ ಹಿಂದೆ ತಿರುಗಿಸಿ ನೋಡಿ. ಲೈಸೆನ್ಸ್ ನಂಬರ್, ಅದರ ಮುಂದೆ ಸಾಮಾನ್ಯವಾಗಿ ‘ಎಂ’ ಅಕ್ಷರ ಇರುತ್ತದೆ. ಬ್ಯಾಚ್ ನಂಬರ್, ಸಾಮಗ್ರಿಗಳ ಪಟ್ಟಿ, ವಿಳಾಸ ನೋಡಿ. ಕಾಯಿಲೆಯ ಹೆಸರು ದೊಡ್ಡದಾಗಿ ಬರೆದು ಹಿಂದೆ ಲೈಸೆನ್ಸ್ ನಂಬರೇ ಇಲ್ಲದಿದ್ದರೆ ಆ ಸೋಪನ್ನು ಅಲ್ಲೇ ಇಟ್ಟು ಬನ್ನಿ. ಡಾಕ್ಟರ ಹತ್ತಿರ ಹೋಗುವಾಗ ಈಗ ಬಳಸುತ್ತಿರುವ ಸೋಪಿನ ರ‍್ಯಾಪರನ್ನೂ, ಇಲ್ಲಿತನಕ ಹಚ್ಚಿದ ಟ್ಯೂಬುಗಳಿದ್ದರೆ ಅವನ್ನೂ ತಗೊಂಡು ಹೋಗಿ. ಏನು ಹಚ್ಚಿದ್ದೀರಿ ಅಂತ ಗೊತ್ತಾದರೆ ಅವರಿಗೆ ಔಷಧ ಬರೆಯುವುದು ಸುಲಭ.